ಕೋಣೆ ಒಪ್ಪುವವರೆಗೆ ಬುಕಿಂಗ್ ಆದಂತಲ್ಲ

ಕಚೇರಿ ತಂತ್ರಜ್ಞಾನ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೀಟಿಂಗ್ ರೂಮಿನ ತಕರಾರೇ ಹೆಚ್ಚು. ಅದಕ್ಕೇ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇದೊಂದನ್ನೇ ಎತ್ತಿಕೊಂಡಿದ್ದೇನೆ. ಬಹಳ ವರ್ಷ ಕಚೇರಿಗಳ ಮೇಲ್ ಮತ್ತು ಕ್ಯಾಲೆಂಡರ್ ವ್ಯವಸ್ಥೆ ನೋಡಿಕೊಂಡವಳು ನಾನು. ಸರ್ವರ್ ನಿಂತುಹೋದಾಗಲೂ ಇಷ್ಟು ಮನಸ್ತಾಪ ಆದದ್ದನ್ನು ಕಂಡಿಲ್ಲ. ಹೊರಗಿನ ಅತಿಥಿಗಳನ್ನು ಕರೆದುಕೊಂಡು ಬಂದು ಬಾಗಿಲು ತೆರೆದರೆ ಒಳಗೆ ಇನ್ನೊಂದು ತಂಡ ಕೂತಿರುತ್ತದೆ, ಅವರ ಹತ್ತಿರವೂ ಬುಕಿಂಗ್ ಇರುತ್ತದೆ. ಆ ಮುಜುಗರ ಯಾರಿಗೂ ಬೇಡ.

*

ಪ್ರ: ಮೇಡಂ, ನಮ್ಮಲ್ಲಿ ನಾಲ್ಕು ಮೀಟಿಂಗ್ ರೂಮ್ ಇವೆ. ನಾಲ್ಕಕ್ಕೂ ಸೇರಿಸಿ ಒಂದೇ ಶೇರ್ಡ್ ಕ್ಯಾಲೆಂಡರ್ ಮಾಡಿ, ಎಲ್ಲರಿಗೂ ತಿದ್ದುವ ಅನುಮತಿ ಕೊಟ್ಟಿದ್ದೇವೆ. ಬೇಕಾದವರು ರೂಮಿನ ಹೆಸರು ಬರೆದು ಸಮಯ ಹಾಕಿಕೊಳ್ಳುತ್ತಾರೆ. ಆದರೂ ವಾರಕ್ಕೊಂದು ಡಬಲ್ ಬುಕಿಂಗ್ ಆಗುತ್ತದೆ. ಕೆಲವೊಮ್ಮೆ ಹಾಕಿದ ಬುಕಿಂಗೇ ಮಾಯ. ಯಾರು ಅಳಿಸಿದರು ಎಂದು ಕೇಳಿದರೆ ಯಾರೂ ಒಪ್ಪಿಕೊಳ್ಳುವುದಿಲ್ಲ. ನಿಯಮ ಹಾಕಿ ಹಾಕಿ ನನಗೆ ಸಾಕಾಗಿದೆ.
— ಆಡಳಿತ ವಿಭಾಗದ ಓದುಗಿ

ಉ: ನಿಯಮ ಸಾಕು ಮಾಡಿ, ವ್ಯವಸ್ಥೆ ಬದಲಿಸಿ. ತೊಂದರೆ ಇರುವುದು ಆ ಕ್ಯಾಲೆಂಡರ್ ಇಟ್ಟಿರುವ ರೀತಿಯಲ್ಲಿ, ಸಹೋದ್ಯೋಗಿಗಳನ್ನು ದೂರಬೇಡಿ. ಎಲ್ಲರೂ ಬರೆಯಬಹುದಾದ ಕ್ಯಾಲೆಂಡರ್‌ಗೆ 'ಆಗುವುದಿಲ್ಲ' ಎನ್ನಲು ಬರುವುದಿಲ್ಲ. ಒಂದೇ ಹೊತ್ತಿಗೆ ಎರಡು ಮೀಟಿಂಗ್ ಹಾಕಿದರೆ ಎರಡನ್ನೂ ಅಕ್ಕಪಕ್ಕ ತೋರಿಸಿ ಸುಮ್ಮನಿರುತ್ತದೆ. ತಿದ್ದುವ ಅನುಮತಿ ಇದ್ದವರಿಗೆ ಅಳಿಸುವ ಅನುಮತಿಯೂ ಇರುತ್ತದೆ. ಪುಟ ಸರಿಸುವಾಗ ಮೌಸ್ ಜಾರಿ ಯಾರದೋ ಮೀಟಿಂಗ್ ಅರ್ಧ ಗಂಟೆ ಮುಂದೆ ಹೋದರೂ ಸಾಕು, ಸರಿಸಿದವರಿಗೇ ಅದು ಗೊತ್ತಾಗುವುದಿಲ್ಲ.

ಮಾಡಬೇಕಾದದ್ದು ಇಷ್ಟು: ನಾಲ್ಕು ಕೋಣೆಗೂ ಪ್ರತ್ಯೇಕ ಖಾತೆ. ನೀವು ಔಟ್‌ಲುಕ್ ಬಳಸುವವರಾದರೆ ಐಟಿ ವಿಭಾಗದವರು ಎಕ್ಸ್‌ಚೇಂಜ್‌ನಲ್ಲಿ (ಔಟ್‌ಲುಕ್‌ನ ಹಿಂದೆ ಕೆಲಸ ಮಾಡುವ ಮೈಕ್ರೋಸಾಫ್ಟ್‌ನ ಮೇಲ್ ಮತ್ತು ಕ್ಯಾಲೆಂಡರ್ ವ್ಯವಸ್ಥೆ) ಪ್ರತಿ ಕೋಣೆಗೂ ಒಂದು 'ರೂಮ್ ಮೇಲ್‌ಬಾಕ್ಸ್' ಮಾಡಬೇಕು. ಗೂಗಲ್ ಆದರೆ ಅಡ್ಮಿನ್ ಕನ್ಸೋಲ್‌ನಲ್ಲಿ 'ಬಿಲ್ಡಿಂಗ್ಸ್ ಅಂಡ್ ರಿಸೋರ್ಸಸ್' ಎಂಬ ಜಾಗದಲ್ಲಿ ಸೇರಿಸಬೇಕು. ಆಗ ಕೋಣೆಗೂ ಒಂದು ಮೇಲ್ ವಿಳಾಸ ಬರುತ್ತದೆ. ಜನರನ್ನು ಮೀಟಿಂಗ್‌ಗೆ ಕರೆಯುವ ಹಾಗೆಯೇ ಕೋಣೆಯನ್ನೂ ಕರೆಯುತ್ತೀರಿ. ಅದು ತನ್ನ ಕ್ಯಾಲೆಂಡರ್ ನೋಡಿ, ಬಿಡುವಿದ್ದರೆ ಒಪ್ಪಿಗೆ ಕಳಿಸುತ್ತದೆ, ಇಲ್ಲದಿದ್ದರೆ ತಿರಸ್ಕರಿಸುತ್ತದೆ. ಮೊದಲು ಕೇಳಿದವರಿಗೆ ಮೊದಲು. ಇದು ಹೊಸ ಉಪಾಯವೇನಲ್ಲ. ಕ್ಯಾಲೆಂಡರ್‌ಗಳು ಒಂದಕ್ಕೊಂದು ಮಾತಾಡುವ ಐಕ್ಯಾಲೆಂಡರ್ ಮಾನದಂಡ 1998ರಲ್ಲಿ ಬಂದಾಗಲೇ ಆಹ್ವಾನಿತರ ಬಗೆಗಳಲ್ಲಿ ವ್ಯಕ್ತಿ, ಗುಂಪು ಇವುಗಳ ಜೊತೆ 'ರೂಮ್' ಕೂಡ ಇತ್ತು. ಎಕ್ಸ್‌ಚೇಂಜ್‌ನಲ್ಲಿ ಈ ಖಾತೆಗೆ ಸಾಮಾನ್ಯವಾಗಿ ಬೇರೆ ಲೈಸೆನ್ಸ್ ಕೊಳ್ಳಬೇಕಾಗಿಲ್ಲ. 'ಖರ್ಚಾಗುತ್ತದೆ' ಎಂದು ಯಾರಾದರೂ ತಡೆದರೆ ಇದನ್ನು ಹೇಳಿ.

ಐಟಿಯವರ ಹತ್ತಿರ ಒಂದು ಸೆಟ್ಟಿಂಗ್ ಕೇಳಿ ಖಚಿತಪಡಿಸಿಕೊಳ್ಳಿ. ಎಕ್ಸ್‌ಚೇಂಜ್‌ನಲ್ಲಿ ಅದರ ಹೆಸರು 'ಆಟೊಮೇಟ್ ಪ್ರೊಸೆಸಿಂಗ್'. ಅದು 'ಆಟೊ ಆಕ್ಸೆಪ್ಟ್' ಆಗಿರಬೇಕು. 'ಆಟೊ ಅಪ್‌ಡೇಟ್' ಆಗಿದ್ದರೆ ಕೋರಿಕೆ 'ಟೆಂಟೆಟಿವ್', ಅಂದರೆ ಇನ್ನೂ ಖಚಿತವಾಗಿಲ್ಲ, ಎಂದು ಕ್ಯಾಲೆಂಡರ್‌ನಲ್ಲಿ ಕೂರುತ್ತದೆ, ಯಾರಾದರೂ ಕೈಯಾರೆ ಒಪ್ಪುವವರೆಗೆ ಯಾವ ಉತ್ತರವೂ ಹೋಗುವುದಿಲ್ಲ.

ಇದೆಲ್ಲ ಆದಮೇಲೆ ಬಹಳ ಕಡೆ ಕೈತಪ್ಪುವ ಒಂದು ಹೆಜ್ಜೆ ಇದೆ. ಹಳೆಯ ಅಭ್ಯಾಸದಿಂದ ನಾಲ್ಕಾರು ಜನರಿಗೆ ಕೋಣೆಯ ಕ್ಯಾಲೆಂಡರ್‌ನಲ್ಲಿ ನೇರವಾಗಿ ಬರೆಯುವ ಅನುಮತಿ ಉಳಿಸಿಬಿಡುತ್ತಾರೆ. ರಿಸೆಪ್ಷನ್‌ಗೆ ಬೇಕಾಗುತ್ತದೆ, ಡೈರೆಕ್ಟರ ಕಾರ್ಯದರ್ಶಿಗೆ ಬೇಕಾಗುತ್ತದೆ ಎಂಬ ಕಾರಣಕ್ಕೆ. ಮುಂಬಾಗಿಲಿಗೆ ಕಾವಲು ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ ಆಗುತ್ತದೆ ಇದು. ಔಟ್‌ಲುಕ್‌ನಲ್ಲಿ ಕೋಣೆಯ ಕ್ಯಾಲೆಂಡರ್ ತೆರೆದು ನೇರವಾಗಿ ಒಂದು ಅಪಾಯಿಂಟ್‌ಮೆಂಟ್ ಬರೆದರೆ, ಘರ್ಷಣೆ ಇದೆಯೇ ಎಂದು ನೋಡುವ ಸ್ವಯಂಚಾಲಿತ ಪರೀಕ್ಷೆ ಅದಕ್ಕೆ ತಾಗುವುದೇ ಇಲ್ಲ. ಆಹ್ವಾನವಾಗಿ ಬಂದದ್ದಕ್ಕೆ ಮಾತ್ರ ಆ ಪರೀಕ್ಷೆ. ಆದ್ದರಿಂದ ಬರೆಯುವ ಅನುಮತಿಯನ್ನು ಎಲ್ಲರಿಂದಲೂ ತೆಗೆಯಿರಿ. ನಿಮ್ಮಿಂದ ಕೂಡ. ನೋಡುವ ಅನುಮತಿ ಸಾಕು. ನಿಜವಾಗಿ ತುರ್ತು ಬಂದರೆ, ಬುಕ್ ಮಾಡಿದವರಿಗೆ ಫೋನ್ ಮಾಡಿ ಬಿಟ್ಟುಕೊಡುವಿರಾ ಎಂದು ಕೇಳುವುದೇ ಸರಿಯಾದ ದಾರಿ.

ಹಳೆಯ ಕ್ಯಾಲೆಂಡರ್‌ನಿಂದ ಹೊಸದಕ್ಕೆ ಹೋಗುವಾಗ ಎಲ್ಲ ಬುಕಿಂಗ್‌ಗಳನ್ನೂ ನೀವೇ ಕೂತು ನಕಲು ಮಾಡಲು ಹೋಗಬೇಡಿ. ಒಳ್ಳೆಯ ಮನಸ್ಸಿನಿಂದ ಮಾಡಿದರೂ ಆಗ ಎಲ್ಲ ಮೀಟಿಂಗ್‌ಗೂ ನೀವೇ ಆಯೋಜಕರಾಗುತ್ತೀರಿ. ಸಮಯ ಬದಲಿಸುವುದಕ್ಕೂ ಕ್ಯಾನ್ಸಲ್ ಮಾಡುವುದಕ್ಕೂ ಎಲ್ಲರೂ ನಿಮ್ಮ ಬಳಿಗೇ ಬರಬೇಕಾಗುತ್ತದೆ. ಒಂದು ದಿನಾಂಕ ಗೊತ್ತು ಮಾಡಿ, ಹಳೆಯದನ್ನು ಓದಲು ಮಾತ್ರ ಬಿಟ್ಟು, ಅವರವರ ಮೀಟಿಂಗ್‌ಗೆ ಅವರವರೇ ಕೋಣೆಯನ್ನು ಸೇರಿಸಿಕೊಳ್ಳಲಿ.

*

ಪ್ರ: ನಾನು ಮೀಟಿಂಗ್ ಇನ್ವೈಟ್‌ನಲ್ಲಿ 'ಲೊಕೇಷನ್' ಎಂಬಲ್ಲಿ ರೂಮಿನ ಹೆಸರನ್ನು ಸ್ಪಷ್ಟವಾಗಿ ಬರೆದಿದ್ದೆ. ಆದರೂ ಬೇರೆಯವರು ಬುಕ್ ಮಾಡಿಕೊಂಡರು. ಸಾಫ್ಟ್‌ವೇರ್ ಸರಿಯಿಲ್ಲವೇ?
— ಮಾರಾಟ ವಿಭಾಗದ ಓದುಗ

ಉ: ಲೊಕೇಷನ್ ಜಾಗದಲ್ಲಿ ಟೈಪ್ ಮಾಡಿದ್ದು ಬರೀ ಅಕ್ಷರ. ಬಂದವರಿಗೆ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತದೆ, ಕೋಣೆಗೆ ತಿಳಿಯುವುದಿಲ್ಲ. ಔಟ್‌ಲುಕ್‌ನಲ್ಲಿ 'ರೂಮ್ ಫೈಂಡರ್' ತೆರೆದು ಪಟ್ಟಿಯಿಂದ ಆರಿಸಬೇಕು. ಗೂಗಲ್ ಕ್ಯಾಲೆಂಡರ್‌ನಲ್ಲಿ ಅತಿಥಿಗಳನ್ನು ಸೇರಿಸುವ ಜಾಗದ ಪಕ್ಕದಲ್ಲೇ 'ರೂಮ್ಸ್' ಇದೆ. ಹಾಗೆ ಆರಿಸಿದರೆ ಮಾತ್ರ ಆಹ್ವಾನ ಕೋಣೆಗೆ ಹೋಗುತ್ತದೆ.

ಹೋದರೆ ಮುಗಿಯಲಿಲ್ಲ, ಉತ್ತರ ನೋಡಬೇಕು. ಕೋಣೆ ತಿರಸ್ಕರಿಸಿದ ಮೇಲ್ ಬಂದರೂ ಬಹಳ ಜನ ಗಮನಿಸುವುದಿಲ್ಲ. ಮೀಟಿಂಗ್ ಉತ್ತರಗಳನ್ನೆಲ್ಲ ಬೇರೆ ಫೋಲ್ಡರ್‌ಗೆ ತಳ್ಳುವ ರೂಲ್ ಹಾಕಿಕೊಂಡಿರುತ್ತಾರೆ, ಅದರಲ್ಲೇ ಇದೂ ಸೇರಿಹೋಗುತ್ತದೆ. ಮೀಟಿಂಗ್ ತೆರೆದು, ಯಾರು ಯಾರು ಒಪ್ಪಿದ್ದಾರೆ ಎಂದು ತೋರಿಸುವ ಪಟ್ಟಿಯಲ್ಲಿ ಕೋಣೆಯ ಹೆಸರಿನ ಮುಂದೆ ಏನಿದೆ ನೋಡಿ. ಮೀಟಿಂಗ್ ಸಮಯ ಬದಲಿಸಿದಾಗಲೂ ಮತ್ತೆ ನೋಡಿ. ಹಳೆಯ ಸಮಯಕ್ಕೆ ಒಪ್ಪಿದ ಕೋಣೆ ಹೊಸ ಸಮಯಕ್ಕೆ ಒಪ್ಪಲೇಬೇಕೆಂದಿಲ್ಲ.

*

ಪ್ರ: ಪ್ರತಿ ಸೋಮವಾರದ ತಂಡದ ಮೀಟಿಂಗ್‌ಗೆ ಒಂದು ವರ್ಷಕ್ಕೆ ಒಟ್ಟಿಗೆ ರೂಮ್ ಕೇಳಿದೆ. ಪೂರ್ತಿ ಸರಣಿಯನ್ನೇ ತಿರಸ್ಕರಿಸಿತು. ಒಂದೆರಡು ಸೋಮವಾರ ಬಿಟ್ಟರೆ ಉಳಿದೆಲ್ಲ ಖಾಲಿ ಇದೆ. ಐಟಿಯವರು 'ಅಲೋ ಕಾನ್‌ಫ್ಲಿಕ್ಟ್ಸ್' ಆನ್ ಮಾಡುತ್ತೇವೆ ಎನ್ನುತ್ತಿದ್ದಾರೆ. ಮಾಡಿಸಲೇ?
— ತಂಡದ ಮುಖ್ಯಸ್ಥೆ

ಉ: ದಯವಿಟ್ಟು ಬೇಡ. ಅದನ್ನು ಆನ್ ಮಾಡಿದರೆ ಕೋಣೆ ಘರ್ಷಣೆಯನ್ನೇ ಲೆಕ್ಕಿಸದೆ ಬಂದದ್ದಕ್ಕೆಲ್ಲ ಒಪ್ಪಿಗೆ ಕೊಡುತ್ತದೆ. ನಿಮ್ಮ ಸರಣಿ ಉಳಿಯುತ್ತದೆ, ಇಡೀ ಕಚೇರಿಗೆ ಆ ಕೋಣೆಯ ಮೇಲಿನ ನಂಬಿಕೆ ಹೋಗುತ್ತದೆ.

ನಿಮ್ಮದು ತಿರಸ್ಕಾರವಾಗಲು ಎರಡು ಕಾರಣ ಇರಬಹುದು. ಎಕ್ಸ್‌ಚೇಂಜ್‌ನಲ್ಲಿ ಯಾರೂ ಬದಲಿಸದಿದ್ದರೆ 180 ದಿನ ಮುಂದಿನವರೆಗೆ ಮಾತ್ರ ಬುಕಿಂಗ್. ಸರಣಿಯ ಕೊನೆಯ ದಿನ ಅದನ್ನು ದಾಟಿದರೆ ಪೂರ್ತಿ ಸರಣಿ ಬಿದ್ದುಹೋಗುತ್ತದೆ. ಎರಡನೆಯದು, ಸರಣಿಯಲ್ಲಿ ಎಷ್ಟು ಘರ್ಷಣೆ ಸಹಿಸಬಹುದು ಎಂಬ ಎರಡು ಮಿತಿಗಳು: ಒಂದು ಶೇಕಡಾವಾರು, ಇನ್ನೊಂದು ಸಂಖ್ಯೆ. ಎರಡೂ ಮೊದಲಿಗೆ 0 ಇರುತ್ತವೆ. ಹಾಗಾಗಿ ಒಂದೇ ಒಂದು ಸೋಮವಾರ ಅಡ್ಡ ಬಂದರೂ ಎಲ್ಲ ಸೋಮವಾರವೂ ಹೋಯಿತು.

ಐಟಿಯವರಿಗೆ ಹೇಳಬೇಕಾದದ್ದು ಈ ಎರಡನ್ನು ಏರಿಸಲು. ಉದಾಹರಣೆಗೆ ಶೇಕಡಾ 10, ಸಂಖ್ಯೆ 3 ಎಂದು ಇಟ್ಟರು ಎನ್ನೋಣ. 24 ವಾರದ ಸರಣಿಯಲ್ಲಿ 2 ವಾರ ಅಡ್ಡ ಬಂದರೆ ಅದು ಶೇಕಡಾ 8ರಷ್ಟು. ಕೋಣೆ ಸರಣಿಯನ್ನು ಒಪ್ಪಿ, ಆ 2 ದಿನವನ್ನು ಮಾತ್ರ ತಿರಸ್ಕರಿಸುತ್ತದೆ. 3 ವಾರ ಅಡ್ಡ ಬಂದರೆ ಶೇಕಡಾ 12.5, ಪೂರ್ತಿ ತಿರಸ್ಕಾರ. ತಿರಸ್ಕೃತವಾದ ದಿನಗಳ ಪಟ್ಟಿ ನಿಮಗೆ ಬರುತ್ತದೆ, ಆ ದಿನಗಳಿಗೆ ಮಾತ್ರ ಬೇರೆ ಕೋಣೆ ಹಾಕಿಕೊಳ್ಳಿ.

ಇನ್ನು ವರ್ಷಕ್ಕೆ ಒಟ್ಟಿಗೆ ಎಂದಿರಲ್ಲ, ಅದಕ್ಕೆ ನನ್ನ ಆಕ್ಷೇಪ ಇದೆ. ಮೂರು ತಿಂಗಳಿಗೆ ಬುಕ್ ಮಾಡಿ, ಮುಗಿಯುವ ಮುನ್ನ ಬೇಕೋ ಬೇಡವೋ ನೋಡಿ ಮುಂದುವರಿಸಿ. ಯಾಕೆಂದು ಮುಂದಿನ ಪತ್ರ ಓದಿ.

*

ಪ್ರ: ನಮ್ಮ ಕಚೇರಿಯಲ್ಲಿ ಕ್ಯಾಲೆಂಡರ್ ನೋಡಿದರೆ ಒಂದು ರೂಮೂ ಸಿಗುವುದಿಲ್ಲ. ಎದ್ದು ಹೋಗಿ ನೋಡಿದರೆ ಅರ್ಧಕ್ಕರ್ಧ ರೂಮ್ ಖಾಲಿ, ದೀಪ ಕೂಡ ಹಾಕಿರುವುದಿಲ್ಲ. ನಾವು ಕ್ಯಾಂಟೀನ್ ಮೂಲೆಯಲ್ಲಿ ನಿಂತು ಮಾತಾಡುತ್ತೇವೆ. ಇದಕ್ಕೆ ಮದ್ದಿಲ್ಲವೇ?
— ಹೆಸರು ಬೇಡ ಎಂದವರು

ಉ: ಇದೆ. ನನ್ನ ಮಟ್ಟಿಗೆ ಡಬಲ್ ಬುಕಿಂಗ್‌ಗಿಂತ ಇದೇ ದೊಡ್ಡ ರೋಗ. ಡಬಲ್ ಬುಕಿಂಗ್ ಆದರೆ ಗಲಾಟೆ ಆಗುತ್ತದೆ, ಯಾರಾದರೂ ಸರಿಪಡಿಸುತ್ತಾರೆ. ಬುಕ್ ಆಗಿ ಖಾಲಿ ಬಿದ್ದ ಕೋಣೆಯ ಬಗ್ಗೆ ಯಾರೂ ದೂರು ಕೊಡುವುದಿಲ್ಲ. ಜನ ಒಂದೆರಡು ಸಲ ಹುಡುಕಿ, ಸಿಗದೆ, ಆಮೇಲೆ ಮೀಟಿಂಗ್ ಇರಲಿ ಇಲ್ಲದಿರಲಿ ಒಂದು ಕೋಣೆ ಹಿಡಿದಿಟ್ಟುಕೊಳ್ಳಲು ಶುರುಮಾಡುತ್ತಾರೆ. ಅಲ್ಲಿಗೆ ಕೊರತೆ ಇನ್ನೂ ಹೆಚ್ಚುತ್ತದೆ.

ಮೊದಲು ಕಾರಣ ಹುಡುಕಬೇಕು. ಎರಡು ಮೂರು ವಾರ ದಿನಕ್ಕೆ ಕೆಲವು ಹೊತ್ತು ಕೋಣೆಗಳ ಮುಂದೆ ಓಡಾಡಿ, ಬುಕ್ ಆಗಿಯೂ ಖಾಲಿ ಇರುವವನ್ನು ಬರೆದುಕೊಳ್ಳಿ. ಹೀಗೆ ಮಾಡಿಸಿದ ಕಡೆಯಲ್ಲೆಲ್ಲ ನಾನು ಕಂಡದ್ದು ಒಂದೇ: ಖಾಲಿ ಕೋಣೆಗಳ ಹಿಂದೆ ಇರುವುದು ಬಹುಪಾಲು ಕೊನೆಯ ದಿನವೇ ಇಲ್ಲದ ಸರಣಿಗಳು. ಪ್ರಾಜೆಕ್ಟ್ ಮುಗಿದಿರುತ್ತದೆ, ತಂಡ ಚದುರಿರುತ್ತದೆ, ಪ್ರತಿ ಬುಧವಾರ ಹನ್ನೊಂದಕ್ಕೆ ಬುಕಿಂಗ್ ಮಾತ್ರ ತಪ್ಪದೆ ಬರುತ್ತಿರುತ್ತದೆ. ಇನ್ನೊಂದು ಬಗೆ, ಮೀಟಿಂಗ್ ರದ್ದಾಗಿದೆ ಆದರೆ ಕೋಣೆಗೆ ಸುದ್ದಿ ಹೋಗಿಲ್ಲ. ಆಯೋಜಕರು ಎಲ್ಲರಿಗೂ ಬಾಯಲ್ಲಿ ಹೇಳಿರುತ್ತಾರೆ, ಇಲ್ಲವೇ ತಮ್ಮ ಕ್ಯಾಲೆಂಡರ್‌ನಿಂದ ಅಳಿಸಿ, ರದ್ದತಿ ಸೂಚನೆ ಕಳಿಸದೆ ಬಿಟ್ಟಿರುತ್ತಾರೆ. ಆ ಸೂಚನೆ ಕೋಣೆಯ ಖಾತೆಗೆ ತಲುಪಿದರೆ ಮಾತ್ರ ಆ ಸಮಯ ಬಿಡುಗಡೆ. ಆಹ್ವಾನಿತರೊಬ್ಬರು ತಮ್ಮ ಕಡೆಯಿಂದ ಅಳಿಸಿದರೆ ಕೋಣೆ ಅಲುಗಾಡುವುದಿಲ್ಲ.

ಸೆಟ್ಟಿಂಗ್‌ಗಳಲ್ಲಿ ಆಗುವ ಕೆಲಸ ಸಾಕಷ್ಟಿದೆ. ಆ 180 ದಿನವನ್ನು 90ಕ್ಕೆ ಇಳಿಸಿದರೆ ಸರಣಿಗಳು ತಾವಾಗಿಯೇ ಗಿಡ್ಡವಾಗುತ್ತವೆ. ಸತ್ತ ಸರಣಿ ಬದುಕಿರುವುದು ಹೆಚ್ಚೆಂದರೆ ಮೂರು ತಿಂಗಳು. ಒಂದು ಬುಕಿಂಗ್ ಎಷ್ಟು ಉದ್ದ ಇರಬಹುದು ಎಂಬ ಮಿತಿ ಎಕ್ಸ್‌ಚೇಂಜ್‌ನಲ್ಲಿ ಮೊದಲಿಗೆ 1440 ನಿಮಿಷ, ಅಂದರೆ ಪೂರಾ 24 ಗಂಟೆ. ನಾಲ್ಕು ಜನ ಕೂರುವ ಸಣ್ಣ ಕೋಣೆಗೆ 120 ನಿಮಿಷ ಧಾರಾಳವಾಯಿತು. ದಿನವಿಡೀ ತರಬೇತಿ ನಡೆಯುವ ದೊಡ್ಡ ಕೋಣೆಗೆ ಬೇರೆ ಮಿತಿ ಇಡಿ. ಗೂಗಲ್‌ನಲ್ಲಿ ಕೋಣೆಯನ್ನು ತಾನಾಗಿ ಬಿಡಿಸುವ ಸೌಲಭ್ಯ ಇದೆ: ಮೀಟಿಂಗ್‌ಗೆ ಕರೆದವರಲ್ಲಿ ಒಬ್ಬರನ್ನುಳಿದು ಎಲ್ಲರೂ ಬರುವುದಿಲ್ಲ ಎಂದಿದ್ದರೆ ಕೋಣೆ ಬಿಡುಗಡೆಯಾಗುತ್ತದೆ. ಬಾಗಿಲ ಪಕ್ಕ ಸ್ಕ್ರೀನ್ ಹಾಕಿಸಿದ್ದರೆ, ಮೈಕ್ರೋಸಾಫ್ಟ್ ಟೀಮ್ಸ್ ಪ್ಯಾನೆಲ್‌ಗಳಂಥವುಗಳಲ್ಲಿ 'ಚೆಕ್ ಇನ್' ಇದೆ. ಇಂತಿಷ್ಟು ನಿಮಿಷದೊಳಗೆ ಯಾರೂ ಬಂದು ಒತ್ತದಿದ್ದರೆ ಬುಕಿಂಗ್ ಬಿದ್ದುಹೋಗುತ್ತದೆ. ಅವಧಿಯನ್ನು ತೀರಾ ಬಿಗಿಯಾಗಿ ಇಡಬೇಡಿ. ಹಿಂದಿನ ಮೀಟಿಂಗ್‌ನಿಂದ ಓಡಿಬರುವವರು ಐದು ನಿಮಿಷ ತಡವಾಗುತ್ತಾರೆ, ಅವರ ಕೋಣೆ ಕಿತ್ತುಕೊಂಡರೆ ಸಿಟ್ಟಾಗುವುದು ನ್ಯಾಯವೇ.

ಅವರು ತಡವಾಗದಂತೆ ಮಾಡುವ ಒಂದು ಸಣ್ಣ ಸೌಲಭ್ಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗೂಗಲ್ ಕ್ಯಾಲೆಂಡರ್‌ನಲ್ಲಿ 'ಸ್ಪೀಡಿ ಮೀಟಿಂಗ್ಸ್' ಆರಿಸಿಕೊಂಡರೆ ಅರ್ಧ ಗಂಟೆಯ ಮೀಟಿಂಗ್ 25 ನಿಮಿಷಕ್ಕೆ, ಒಂದು ಗಂಟೆಯದು 50 ನಿಮಿಷಕ್ಕೆ ಮುಗಿಯುತ್ತದೆ. ಔಟ್‌ಲುಕ್‌ನಲ್ಲೂ ಮೀಟಿಂಗ್ ಗಿಡ್ಡ ಮಾಡುವ ಇಂಥದೇ ಆಯ್ಕೆ ಇದೆ.

ಖಾಲಿ ಕೋಣೆಗಳ ಪಟ್ಟಿ ಕೈಗೆ ಬಂದಮೇಲೆ ಅದನ್ನು ಎಲ್ಲರಿಗೂ ಮೇಲ್ ಮಾಡಬೇಡಿ. ಹೆಸರು ಬಯಲಾದವರು ನಾಳೆಯಿಂದ ಸುಮ್ಮನೆ ಹೋಗಿ ಕೋಣೆಯಲ್ಲಿ ಒಬ್ಬರೇ ಲ್ಯಾಪ್‌ಟಾಪ್ ತೆರೆದು ಕೂರುತ್ತಾರೆ, ಕೋಣೆ ಸಿಗುವುದಿಲ್ಲ. ಒಬ್ಬೊಬ್ಬರ ಹತ್ತಿರವೂ ಹೋಗಿ 'ಈ ಬುಧವಾರದ ಬುಕಿಂಗ್ ಇನ್ನೂ ಬೇಕಾ?' ಎಂದು ಕೇಳಿ. 'ಅಯ್ಯೋ, ಅದು ಇನ್ನೂ ಇದೆಯಾ?' ಎನ್ನುವವರೇ ಹೆಚ್ಚು.

*

ಪ್ರ: ನಾನು ಮಾನವ ಸಂಪನ್ಮೂಲ ವಿಭಾಗದಲ್ಲಿದ್ದೇನೆ. ಯಾರ ಜೊತೆ ಯಾವ ವಿಷಯಕ್ಕೆ ಮೀಟಿಂಗ್ ಎಂಬುದು ರೂಮಿನ ಕ್ಯಾಲೆಂಡರ್‌ನಲ್ಲಿ ಬೇರೆಯವರಿಗೆ ಕಾಣಬಾರದು. 'ಪ್ರೈವೇಟ್' ಎಂದು ಗುರುತು ಹಾಕಿದರೆ ಸಾಕಲ್ಲವೇ?
— ಓದುಗಿ

ಉ: ಸಾಕಾಗದೇ ಇರಬಹುದು, ಕೇಳಿದ್ದು ಒಳ್ಳೆಯದಾಯಿತು. ಎಕ್ಸ್‌ಚೇಂಜ್‌ನ ರೂಮ್ ಮೇಲ್‌ಬಾಕ್ಸ್ ಮೊದಲಿಗೆ ಹೀಗಿರುತ್ತದೆ: ಬಂದ ಆಹ್ವಾನದ ವಿಷಯದ ಸಾಲನ್ನು ತೆಗೆದು ಆ ಜಾಗದಲ್ಲಿ ಆಯೋಜಕರ ಹೆಸರು ಹಾಕುತ್ತದೆ, ಒಳಗಿನ ಬರಹವನ್ನು ತೆಗೆಯುತ್ತದೆ, ಲಗತ್ತನ್ನೂ ತೆಗೆಯುತ್ತದೆ. ಸಹೋದ್ಯೋಗಿಗಳಿಗೆ ಕಾಣುವುದು ಬಿಡುವಿದೆಯೋ ಇಲ್ಲವೋ ಎಂಬುದಷ್ಟೇ. ಇಲ್ಲಿಯವರೆಗೆ ಕ್ಷೇಮ. ಆದರೆ ಇದರ ಜೊತೆಗೇ 'ರಿಮೂವ್ ಪ್ರೈವೇಟ್ ಪ್ರಾಪರ್ಟಿ' ಎಂಬುದೂ ಆನ್ ಇರುತ್ತದೆ. ಅಂದರೆ ನೀವು ಹಾಕಿದ ಪ್ರೈವೇಟ್ ಗುರುತನ್ನು ಕೋಣೆಯ ಕ್ಯಾಲೆಂಡರ್‌ನಲ್ಲಿ ಅಳಿಸಿಬಿಡುತ್ತದೆ. ಅದನ್ನು ಆಫ್ ಮಾಡಿಸಿ.

ವಿಡಿಯೊ ಸೌಲಭ್ಯ ಇರುವ ಕೋಣೆಗಳ ವಿಚಾರ ಬೇರೆ. ಗೋಡೆಯ ಸಾಧನ ತಾನಾಗಿ ಮೀಟಿಂಗ್‌ಗೆ ಸೇರಬೇಕಾದರೆ ಆಹ್ವಾನದೊಳಗಿನ ಲಿಂಕ್ ಅದಕ್ಕೆ ಬೇಕು. ಹಾಗಾಗಿ ಬರಹವನ್ನೂ ವಿಷಯವನ್ನೂ ತೆಗೆಯಬೇಡ ಎಂದು ಐಟಿಯವರು ಅಲ್ಲಿ ಬೇಕೆಂದೇ ಬದಲಿಸಿರುತ್ತಾರೆ. ಆಗ ಆ ಕೋಣೆಯ ಸ್ಕ್ರೀನ್ ಮೇಲೆ ನಿಮ್ಮ ಮೀಟಿಂಗ್‌ನ ವಿಷಯ ಕಾಣಬಹುದು. ಒಬ್ಬರ ಕೆಲಸದ ಅಳಿವು ಉಳಿವಿನ ಮಾತು ದಾರಿಹೋಕರ ಕಣ್ಣಿಗೆ ಬೀಳುವುದು ಎಷ್ಟು ಕ್ರೂರ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಂಥ ಮೀಟಿಂಗ್‌ಗೆ ವಿಷಯ 'ಚರ್ಚೆ' ಎಂದಷ್ಟೇ ಇರಲಿ, ಸಾಧ್ಯವಾದರೆ ವಿಡಿಯೊ ಇಲ್ಲದ ಕೋಣೆ ಹಿಡಿಯಿರಿ.

*

ಪ್ರ: ಕೆಲಸ ಬಿಟ್ಟು ಹೋದವರ ಬುಕಿಂಗ್ ಇನ್ನೂ ಬರುತ್ತಿದೆ. ತೆಗೆಯುವುದು ಹೇಗೆ?
— ಐಟಿ ವಿಭಾಗದ ಓದುಗ

ಉ: ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಪವರ್‌ಶೆಲ್‌ನ (ಐಟಿಯವರು ಆಜ್ಞೆ ಟೈಪ್ ಮಾಡಿ ಕೆಲಸ ಮಾಡಿಸುವ ಸಾಧನ) 'ರಿಮೂವ್-ಕ್ಯಾಲೆಂಡರ್‌ಇವೆಂಟ್ಸ್' ಆಜ್ಞೆ ಅದಕ್ಕೆಂದೇ ಇದೆ. ಹೋದವರು ಆಯೋಜಿಸಿದ ಮುಂದಿನ ಮೀಟಿಂಗ್‌ಗಳನ್ನೆಲ್ಲ ರದ್ದು ಮಾಡಿ ಕೋಣೆಗಳಿಗೂ ಸೂಚನೆ ಕಳಿಸುತ್ತದೆ. ಮೊದಲು 'ಪ್ರಿವ್ಯೂ ಓನ್ಲಿ' ಸೇರಿಸಿ ಏನೇನು ಹೋಗುತ್ತದೆ ನೋಡಿಕೊಳ್ಳಿ. ಖಾತೆ ಅಳಿಸುವ ಮುಂಚೆಯೇ ಇದನ್ನು ಮಾಡಬೇಕು. ಗೂಗಲ್‌ನಲ್ಲಿ ಬಳಕೆದಾರರ ಕ್ಯಾಲೆಂಡರ್ ಮಾಹಿತಿ ವರ್ಗಾಯಿಸುವಾಗ ಕೋಣೆಗಳನ್ನು ಬಿಡಿಸುವ ಆಯ್ಕೆ ಸಿಗುತ್ತದೆ. ಕೆಲಸ ಬಿಡುವವರ ಕೊನೆಯ ದಿನದ ಪಟ್ಟಿಯಲ್ಲಿ ಲ್ಯಾಪ್‌ಟಾಪ್, ಗುರುತಿನ ಚೀಟಿಗಳ ಜೊತೆ ಇದನ್ನೂ ಸೇರಿಸಿಬಿಡಿ.

*

ಪ್ರ: ಬೋರ್ಡ್ ರೂಮನ್ನು ಎಲ್ಲರೂ ಬುಕ್ ಮಾಡಬಾರದು ಎಂದು ಮೇಲಿನವರ ಆದೇಶ. ಅದಕ್ಕೇ ಆ ರೂಮನ್ನು ಸಾಫ್ಟ್‌ವೇರ್‌ನಿಂದಲೇ ತೆಗೆದು, ಪುಸ್ತಕದಲ್ಲಿ ಬರೆದಿಡುತ್ತಿದ್ದೇವೆ. ಸರಿಯೇ?
— ಕಾರ್ಯದರ್ಶಿಯೊಬ್ಬರು

ಉ: ಪುಸ್ತಕ ನಿಮ್ಮ ಮೇಜಿನ ಮೇಲಿರುತ್ತದೆ, ನೀವು ರಜೆಯಲ್ಲಿದ್ದ ದಿನ ಯಾರಿಗೂ ಏನೂ ತಿಳಿಯುವುದಿಲ್ಲ. ಕೋಣೆಯನ್ನು ಮತ್ತೆ ವ್ಯವಸ್ಥೆಗೆ ಸೇರಿಸಿ. ಎಕ್ಸ್‌ಚೇಂಜ್‌ನಲ್ಲಿ ಎಲ್ಲರಿಗೂ ತಕ್ಷಣ ಒಪ್ಪಿಗೆ ಕೊಡುವುದನ್ನು ನಿಲ್ಲಿಸಿ, ಕೆಲವರ ಹೆಸರನ್ನು ಮಾತ್ರ ನೇರ ಒಪ್ಪಿಗೆಯ ಪಟ್ಟಿಗೆ ಹಾಕಬಹುದು. ಉಳಿದವರು ಕೇಳಬಹುದು, ಕೋರಿಕೆ ನಿಮ್ಮಂಥ ಪ್ರತಿನಿಧಿಯ ಮೇಲ್‌ಗೆ ಬರುತ್ತದೆ, ನೀವು ಒಪ್ಪಿದರೆ ಬುಕಿಂಗ್.

ಪ್ರತಿನಿಧಿಗಳು ಇಬ್ಬರಿರಲಿ. ಒಬ್ಬರೇ ಇದ್ದು ಅವರು ಊರಲ್ಲಿಲ್ಲದಿದ್ದರೆ ಕೋರಿಕೆಗಳು 'ಟೆಂಟೆಟಿವ್' ಆಗಿ ನೇತಾಡುತ್ತವೆ, ಕೇಳಿದವರು ಕಾಯುತ್ತಲೇ ಇರುತ್ತಾರೆ. ಒಪ್ಪಲಾಗದಿದ್ದರೆ ಬೇಗ ತಿರಸ್ಕರಿಸಿ, ಅವರು ಬೇರೆ ಕೋಣೆ ನೋಡಿಕೊಳ್ಳಲಿ. ಪುಸ್ತಕದಲ್ಲಿ ಈಗಾಗಲೇ ಬರೆದಿರುವವನ್ನು ಏನು ಮಾಡಬೇಕೆಂದರೆ, ಮೊದಲ ಪತ್ರಕ್ಕೆ ಹೇಳಿದ್ದೇ ಇಲ್ಲಿಗೂ: ಬುಕ್ ಮಾಡಿದವರಿಗೆ ತಿಳಿಸಿ, ಆಹ್ವಾನವನ್ನು ಅವರಿಂದಲೇ ಕಳಿಸಿಕೊಂಡು, ನೀವು ಒಪ್ಪಿಗೆ ಕೊಡಿ.